ಪೆದ್ದು ಸಸಿ

ಎತ್ತರ ಬೆಳೆದ ಹುಡುಗಿಗೆ ನಮ್ಮ ಕಡೆ ಅಡ್ಡಹೆಸರು ತಪ್ಪಿದ್ದಲ್ಲ. ಜಪಾನಿನಲ್ಲಿ ಭತ್ತದ ಸಸಿಗೂ ಅದೇ ಗತಿ. ಗದ್ದೆಯಲ್ಲಿ ಕೆಲವು ಸಸಿಗಳು ಓರಗೆಯವನ್ನು ಮೀರಿ, ಬಿಳಿಚಿಕೊಂಡು ಉದ್ದಕ್ಕೆ ಬೆಳೆದು, ಕಾಳು ಕಟ್ಟದೆ ಒಣಗುತ್ತಿದ್ದವು. ರೈತರು ಅವನ್ನು ‘ಬಕನಾಯೆ’, ಎಂದರೆ ಪೆದ್ದು ಸಸಿ ಎಂದರು.

ತಪ್ಪು ಸಸಿಯದಲ್ಲ, ಅದರೊಳಗೆ ಸೇರಿದ ಶಿಲೀಂಧ್ರದ್ದು. 1926ರಲ್ಲಿ, ಆಗ ಜಪಾನಿನ ಆಳ್ವಿಕೆಯಲ್ಲಿದ್ದ ತೈವಾನಿನಲ್ಲಿ, ಎಯಿಚಿ ಕುರೊಸಾವಾ ಎಂಬ ವಿಜ್ಞಾನಿ ಶಿಲೀಂಧ್ರ ಬೆಳೆಸಿದ ನೀರನ್ನು ಸೋಸಿ, ಬರಿಯ ಆ ನೀರನ್ನೇ ಒಳ್ಳೆಯ ಸಸಿಗಳಿಗೆ ಕೊಟ್ಟರು. ಅವೂ ಉದ್ದವಾದವು! ಅದರಲ್ಲಿದ್ದ ವಸ್ತುವಿಗೆ 1935ರಲ್ಲಿ ಯಬುಟಾ ಎಂಬವರು ‘ಜಿಬ್ಬರೆಲಿನ್’ ಎಂದು ಹೆಸರಿಟ್ಟರು.

ರೋಗ ತಗಲದ ಗಿಡಗಳೂ ಅದೇ ವಸ್ತುವನ್ನು ಹದವರಿತು ತಾವೇ ತಯಾರಿಸಿಕೊಳ್ಳುತ್ತವೆಂದು 1950ರ ದಶಕದಲ್ಲಿ ತಿಳಿಯಿತು. ಗಿಡವನ್ನು ಎತ್ತರಕ್ಕೆ ಬೆಳೆಸುವ ಹಾರ್ಮೋನು ಅದು. ಶಿಲೀಂಧ್ರ ಅದನ್ನು ಅತಿಯಾಗಿ ಸುರಿದಾಗ ಸಸಿ ‘ಪೆದ್ದು’. ಅದು ಕಡಿಮೆಯಾದರೆ ಗಿಡ ಗಿಡ್ಡ. 1966ರಲ್ಲಿ ಬಂದ ಐಆರ್8 ಭತ್ತ ತೆನೆಯ ಭಾರಕ್ಕೆ ಒರಗದೆ ನಿಂತದ್ದು ಈ ಗಿಡ್ಡತನದಿಂದಲೇ.

ಇಂದು ವಿಜಯಪುರದ ತೋಟಗಳಲ್ಲಿ ಹಣ್ಣು ದಪ್ಪವಾಗಲೆಂದು ದ್ರಾಕ್ಷಿ ಗೊಂಚಲಿಗೆ ಇದನ್ನೇ ಕೊಡುತ್ತಾರೆ. ಕಾರ್ಖಾನೆಯಲ್ಲಿ ಇದನ್ನು ತಯಾರಿಸಿಕೊಡುವುದು ಈಗಲೂ ಅದೇ ಶಿಲೀಂಧ್ರ. ಪೆದ್ದೆಂದು ಕಿತ್ತೆಸೆದು ಸುಮ್ಮನಾಗಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಪುಣ್ಯಕ್ಕೆ, ಹೀಗೇಕೆ ಎಂದು ಕೇಳುವವರೊಬ್ಬರು ಇದ್ದರು.