ಅಗ್ಗದ ಮನೆಯ ಅಳತೆ

ಅಮೆರಿಕದ ವೆಸ್ಟ್ ವರ್ಜೀನಿಯಾದ ಮ್ಯಾಕ್‌ಡೊವೆಲ್ ಕಲ್ಲಿದ್ದಲ ಜಿಲ್ಲೆ. ಅಲ್ಲಿ ಮನೆ ಬಲು ಅಗ್ಗ. ಅಗ್ಗವಾದದ್ದೆಲ್ಲ ಕೈಗೆಟಕುವುದೆ? ನನಗೆ ಹಾಗೆ ತೋರುವುದಿಲ್ಲ. ಸರಕಾರಿ ಮನೆಗಳ ಬಾಡಿಗೆ ವರಮಾನದಲ್ಲಿ ನೂರಕ್ಕೆ 25ನ್ನು ಮೀರಬಾರದೆಂದು 1969ರಲ್ಲಿ ಸೆನೆಟರ್ ಬ್ರೂಕರ ತಿದ್ದುಪಡಿ ವಿಧಿಸಿತು. 1981ರಲ್ಲಿ ಅದು 30 ಆಯಿತು. ಬರಬರುತ್ತ ದೇಶದ ಮನೆಗಳನ್ನೆಲ್ಲ ಅಳೆಯಲು ಇದೇ ಕೋಲನ್ನು ಹಿಡಿದರು.

ಮ್ಯಾಕ್‌ಡೊವೆಲ್‌ನಲ್ಲೋ, ಹಿಂದೆ ಗಣಿ ಕಂಪೆನಿಗಳೇ ಮನೆಯೊಡೆಯರು. ಬಾಡಿಗೆಯನ್ನು ಕೂಲಿಯಲ್ಲೇ ಮುರಿದುಕೊಳ್ಳುತ್ತಿದ್ದರು; ಕೆಲಸ ಹೋದರೆ ಸೂರೂ ಹೋಯಿತೆನ್ನಿ. 1950ರಲ್ಲಿ ಅಲ್ಲಿ ಸುಮಾರು 99,000 ಜನರಿದ್ದರು. ಯಂತ್ರಗಳು ಬಂದವು, ಗಣಿಗಳು ಮುಚ್ಚಿದವು. 2020ರ ಜನಗಣತಿಯಲ್ಲಿ ಉಳಿದವರು 19,000 ಚಿಲ್ಲರೆ. ಬೆಲೆ ಇಳಿದದ್ದು ಕೊಳ್ಳುವವರು ಊರು ಬಿಟ್ಟದ್ದರಿಂದ. ಉಳಿದವರಲ್ಲಿ ಬಹುಮಂದಿಗೆ ಸ್ವಂತ ಮನೆಯಿದೆ, ಬಾಡಿಗೆಯ ಕಾಟವಿಲ್ಲ. ಅಳತೆಗೋಲಿನ ಕಣ್ಣಿಗೆ ಅವರು ಸುಖಿಗಳು. ಸೋರುವ ಮಾಡಿನ ರಿಪೇರಿ, ದೂರದ ಕೆಲಸಕ್ಕೆ ಸುಡುವ ಪೆಟ್ರೋಲು ಆ ಲೆಕ್ಕಕ್ಕೆ ಬರುವುದೇ ಇಲ್ಲ.