ಹಿಂದಿನ ಬೆಂಚಿನ ಗೆಳೆಯ ಮತ್ತು ಮೈಸೂರಿನ ಎಂ.ಎಡ್.

ಸಿದ್ದಾಪುರ ಬಸ್ ನಿಲ್ದಾಣದಲ್ಲಿ ಮೊನ್ನೆ ಪರಿಚಯದ ಹುಡುಗಿಯೊಬ್ಬಳು ಸಿಕ್ಕಿದಳು. ಕಿವಿ ಕೇಳದ ಮಕ್ಕಳಿಗೆ ಕಲಿಸುವ ಬಿ.ಎಡ್. ಮುಗಿಸಿ ಬಂದಿದ್ದಾಳೆ. "ಅಣ್ಣ, ಎಂ.ಎಡ್.ಗೂ ಅರ್ಜಿ ಹಾಕಲಾ? ಮನೆಯಲ್ಲಿ ಓದಿದ್ದು ಸಾಕು, ಕೆಲಸಕ್ಕೆ ಸೇರು ಅಂತಿದ್ದಾರೆ" ಎಂದಳು. ಅಷ್ಟರಲ್ಲಿ ಅವಳ ಬಸ್ಸು ಬಂತು. ಹೇಳಬೇಕಾದ್ದು ಉದ್ದದ ಕತೆ, ಹಾಗಾಗಿ ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ನಮ್ಮ ಗೆಳೆಯನ ವಿಷಯ. ನಾವು ಪ್ರಾಥಮಿಕ ಶಾಲೆಯಲ್ಲಿದ್ದದ್ದು ತೊಂಬತ್ತರ ದಶಕದ ಕೊನೆಯಲ್ಲಿ. ತೋಟದ ಲೈನ್ ಮನೆಯಿಂದ ಬರುತ್ತಿದ್ದ ಹುಡುಗನೊಬ್ಬ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ. ಕಿವಿ ಕೇಳುತ್ತಿರಲಿಲ್ಲ. ಹಾಜರಿ ಕರೆದಾಗ ಪಕ್ಕದವನು ತಟ್ಟಿದರೆ ಎದ್ದು ನಿಲ್ಲುತ್ತಿದ್ದ. ಬೋರ್ಡಿನ ಮೇಲೆ ಬರೆದ ಲೆಕ್ಕವನ್ನು ನಮಗಿಂತ ಮೊದಲೇ ಮಾಡುತ್ತಿದ್ದ, ಉಕ್ತಲೇಖನದಲ್ಲಿ ಮಾತ್ರ ಯಾವಾಗಲೂ ಸೊನ್ನೆ. ಮೇಷ್ಟ್ರು ಕೆಟ್ಟವರಾಗಿರಲಿಲ್ಲ, ಅವನಿಗೆ ಹೇಗೆ ಕಲಿಸಬೇಕೆಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅಷ್ಟೇ. ನಾಲ್ಕನೇ ಕ್ಲಾಸಿನ ನಂತರ ಅವನು ಬರಲಿಲ್ಲ. ಅಪ್ಪ ಅಮ್ಮನ ಜೊತೆ ಕಾಫಿ ಕುಯ್ಲಿಗೆ ಹೋದ.

ಇಂಥ ಮಕ್ಕಳಿಗೆ ಶಾಲೆಯೇ ಇಲ್ಲದ ನಾಡೇನೂ ಅಲ್ಲ ನಮ್ಮದು. ಮೈಸೂರಿನಲ್ಲಿ ಕಿವುಡ ಮತ್ತು ಅಂಧ ಮಕ್ಕಳ ಶಾಲೆ ಶುರುವಾದದ್ದು 1901ರಲ್ಲಿ. ಆದರೆ ಆಗ ಅದು ಮಹಾರಾಜರ ರಾಜ್ಯ, ಕೊಡಗು ಬ್ರಿಟಿಷರ ಆಡಳಿತದಲ್ಲಿದ್ದ ಬೇರೆಯೇ ಪ್ರಾಂತ್ಯ. ಎರಡೂ ಒಂದೇ ರಾಜ್ಯವಾಗಲು 1956 ಬರಬೇಕಾಯಿತು. 1965ರಲ್ಲಿ ಕೇಂದ್ರ ಸರ್ಕಾರ ಮೈಸೂರಿನಲ್ಲೇ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯನ್ನು, ಜನ 'ಆಯಿಷ್' ಎನ್ನುವ ಸಂಸ್ಥೆಯನ್ನು, ಆರಂಭಿಸಿತು. ಸಿದ್ದಾಪುರದಿಂದ ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಮೊದಲು ಮಾನಸಗಂಗೋತ್ರಿ ತಲುಪಬಹುದು. ನಮ್ಮ ಗೆಳೆಯನನ್ನು ಆ ಬಸ್ಸು ಹತ್ತಿಸಬೇಕೆಂದು ನಮ್ಮ ಶಾಲೆಯಲ್ಲಿ ಯಾರಿಗೂ ಹೊಳೆಯಲಿಲ್ಲ.

ಇಂಥ ಮಕ್ಕಳು ಊರ ಶಾಲೆಯಲ್ಲೇ ಎಲ್ಲರ ಜೊತೆ ಕಲಿಯಲಿ ಎಂಬ ಕೇಂದ್ರದ ಯೋಜನೆ ಬಂದದ್ದು 1974ರಲ್ಲಿ. ತಮಾಷೆ ಎಂದರೆ 1982ರವರೆಗೆ ಆ ಯೋಜನೆ ಶಿಕ್ಷಣ ಇಲಾಖೆಯ ಕೈಯಲ್ಲಿ ಇರಲಿಲ್ಲ, ಸಮಾಜ ಕಲ್ಯಾಣದ ಲೆಕ್ಕದಲ್ಲಿತ್ತು. ಪಾಠ ಕಲಿಸುವುದನ್ನು ದಾನ ಕೊಟ್ಟಂತೆ ನೋಡಿದ ಕಾಲ ಅದು. ಇವತ್ತಿಗೂ ನಮ್ಮ ರಾಜ್ಯದಲ್ಲಿ ವಿಶೇಷ ಶಾಲೆಗಳನ್ನು ನೋಡಿಕೊಳ್ಳುವುದು ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆ. ಅತ್ತ ಬಿಇಒ ಕಚೇರಿ, ಇತ್ತ ಈ ಇಲಾಖೆ ಎಂದು ಅಲೆದ ತಂದೆತಾಯಿಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

1992ರಲ್ಲಿ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯ್ದೆ ಬಂತು. ವಿಶೇಷ ಶಿಕ್ಷಕರು ಇನ್ನು ಮುಂದೆ ಮಾನ್ಯತೆಯ ಕೋರ್ಸು ಓದಿ, ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿಕೊಂಡೇ ಕೆಲಸ ಮಾಡಬೇಕೆಂದಾಯಿತು. 1995ರ ಅಂಗವಿಕಲರ ಕಾಯ್ದೆ ಹದಿನೆಂಟು ವರ್ಷದವರೆಗೆ ಉಚಿತ ಶಿಕ್ಷಣ ಎಂದಿತು. ಲೆಕ್ಕ ಹಾಕಿ ನೋಡಿ, ನಮ್ಮ ಗೆಳೆಯ ಶಾಲೆ ಬಿಟ್ಟಾಗ ಆ ಕಾನೂನು ಜಾರಿಯಲ್ಲಿತ್ತು. ಆಮೇಲೆ 2009ರಲ್ಲಿ ಶಿಕ್ಷಣ ಹಕ್ಕು, 2016ರಲ್ಲಿ ಇಪ್ಪತ್ತೊಂದು ಬಗೆಯ ವೈಕಲ್ಯಗಳನ್ನು ಗುರುತಿಸಿದ ಹೊಸ ಕಾಯ್ದೆ. ಕಾಗದದ ಮೇಲೆ ಮಕ್ಕಳ ಜಾಗ ದೊಡ್ಡದಾಗುತ್ತಲೇ ಹೋಯಿತು. ಕಲಿಸುವವರನ್ನು ತಯಾರು ಮಾಡುವ ಕೆಲಸ ಮಾತ್ರ ಹಿಂದೆ ಬಿತ್ತು. 2021ರಲ್ಲಿ ಸುಪ್ರೀಂ ಕೋರ್ಟೇ ಪ್ರಾಥಮಿಕ ಹಂತದಲ್ಲಿ ಇಂಥ 10 ಮಕ್ಕಳಿಗೆ ಒಬ್ಬರು, ಮೇಲಿನ ತರಗತಿಗಳಲ್ಲಿ 15 ಮಕ್ಕಳಿಗೆ ಒಬ್ಬರು ವಿಶೇಷ ಶಿಕ್ಷಕರು ಬೇಕೆಂದು ಹೇಳಿತು. 2025ರ ಮಾರ್ಚ್‌ನಲ್ಲಿ ಹುದ್ದೆಗಳನ್ನು ಮಂಜೂರು ಮಾಡಿ ಎಂದು ರಾಜ್ಯಗಳಿಗೆ ಮತ್ತೆ ಸೂಚಿಸಬೇಕಾಯಿತು.

ನಮ್ಮ ಸುತ್ತ ಏನೂ ಇಲ್ಲವೆಂದಲ್ಲ. ಹತ್ತಿರದ ಪಾಲಿಬೆಟ್ಟದಲ್ಲಿ ಚೆಶೈರ್ ಹೋಂನವರ ಶಾಲೆಯಿದೆ. ಸುಂಟಿಕೊಪ್ಪದಲ್ಲಿ ಕೂರ್ಗ್ ಫೌಂಡೇಶನ್ನಿನ 'ಸ್ವಸ್ಥ' ಇದೆ. ಎರಡೂ ಸರ್ಕಾರದ ಶಾಲೆಗಳಲ್ಲ.

ಈಗ ಎಂ.ಎಡ್. ವಿಷಯಕ್ಕೆ ಬರೋಣ. ಆಯಿಷ್‌ನಲ್ಲಿ ಶ್ರವಣದೋಷದ ವಿಭಾಗದಲ್ಲಿ ವಿಶೇಷ ಶಿಕ್ಷಣದ ಬಿ.ಎಡ್. ಇದೆ, ಎಂ.ಎಡ್. ಕೂಡ ಇದೆ. ಬೌದ್ಧಿಕ ವೈಕಲ್ಯದ ವಿಭಾಗ ಬೇಕಿದ್ದವರಿಗೆ ಸಿಕಂದರಾಬಾದಿನಲ್ಲಿ ರಾಷ್ಟ್ರೀಯ ಸಂಸ್ಥೆಯಿದೆ. ಎರಡು ವರ್ಷದ ಓದು. ಸಾಮಾನ್ಯ ಬಿ.ಎಡ್. ಒಂದೇ ಇದ್ದರೆ ಸಾಲದು, ವಿಶೇಷ ಶಿಕ್ಷಣದ ತರಬೇತಿ ಮೊದಲೇ ಆಗಿರಬೇಕು. ಶಾಲೆಯಲ್ಲಿ ಪಾಠ ಮಾಡಲು ಆ ಹುಡುಗಿಯ ಬಿ.ಎಡ್. ಮತ್ತು ಪರಿಷತ್ತಿನ ನೋಂದಣಿಯೇ ಸಾಕು. ಎಂ.ಎಡ್. ಬೇಕಾಗುವುದು ಮುಖ್ಯವಾಗಿ ಶಿಕ್ಷಕರಿಗೇ ಕಲಿಸುವವರಿಗೆ. ಮನೆಯವರು ಕೇಳುವ ಪ್ರಶ್ನೆಯಲ್ಲಿ ಅರ್ಥವಿದೆ ಎಂದು ಒಪ್ಪಿಕೊಂಡೇ ಮುಂದಿನ ಮಾತು ಹೇಳುತ್ತೇವೆ.

ಎಂ.ಎಡ್.ನಲ್ಲಿ ಪ್ರಬಂಧ ಬರೆಯಬೇಕಾಗುತ್ತದೆ. ನಮ್ಮ ಲೈನ್ ಮನೆಗಳಲ್ಲಿ ಒಂದು ಮನೆಯಲ್ಲಿ ತಮಿಳು, ಪಕ್ಕದಲ್ಲಿ ಮಲಯಾಳ, ಅದರಾಚೆ ಯರವ ಮಾತು. ಶಾಲೆಯಲ್ಲಿ ಕನ್ನಡ. ಕಿವಿ ಕೇಳದ ಮಗು ಅಮ್ಮನ ತುಟಿ ನೋಡಿ ಒಂದು ಭಾಷೆ, ಮೇಷ್ಟ್ರ ತುಟಿ ನೋಡಿ ಇನ್ನೊಂದು ಭಾಷೆ ಕಲಿಯಬೇಕು. ಕುಯ್ಲು ಮುಗಿದು ಕುಟುಂಬ ಬೇರೆ ತೋಟಕ್ಕೆ ಹೋದರೆ ಶ್ರವಣಯಂತ್ರದ ಸೆಲ್ಲು ಬದಲಿಸಿಕೊಡುವವರೂ ಇಲ್ಲ. ಇದನ್ನು ಪ್ರಶ್ನೆಯಾಗಿ ಎತ್ತಿಕೊಳ್ಳಲು ಲೈನ್ ಮನೆಯನ್ನು ಒಳಗಿಂದ ಕಂಡವರು ಬೇಕು. ಆ ಹುಡುಗಿ ಕಂಡಿದ್ದಾಳೆ.

ಅರ್ಜಿ ಹಾಕು ತಂಗಿ. ಹಾಕುವ ಮೊದಲು ಆ ಕೋರ್ಸಿಗೆ ಪರಿಷತ್ತಿನ ಮಾನ್ಯತೆ ಈ ವರ್ಷಕ್ಕೂ ಇದೆಯೇ ಎಂದು ಪರಿಷತ್ತಿನ ಪಟ್ಟಿಯಲ್ಲೇ ನೋಡಿಕೋ, ಏಜೆಂಟರ ಮಾತು ನಂಬಬೇಡ. ಹಾಸ್ಟೆಲ್ ಮತ್ತು ವಿದ್ಯಾರ್ಥಿವೇತನದ ವಿಚಾರವನ್ನು ಅರ್ಜಿ ಹಾಕುವಾಗಲೇ ಕೇಳು. ಪ್ರಬಂಧಕ್ಕೆ ಯಾರನ್ನು ಮಾತನಾಡಿಸಲಿ ಎಂದು ಯೋಚನೆಯಾದರೆ ನಮ್ಮ ಗೆಳೆಯ ಸಂತೆಯಲ್ಲಿ ಸಿಗುತ್ತಾನೆ, ನಾವೇ ಕರೆದುಕೊಂಡು ಹೋಗುತ್ತೇವೆ. ತರಕಾರಿಯ ಲೆಕ್ಕವನ್ನು ಅಂಗೈ ಮೇಲೆ ಬೆರಳಲ್ಲಿ ಬರೆದು ತೋರಿಸುತ್ತಾನೆ, ಈಗಲೂ ನಮಗಿಂತ ಮೊದಲೇ ಮುಗಿಸುತ್ತಾನೆ.