ಕೃಷ್ಣೆಯ ದಡದ ಹಗೇವುಗಳು

ಸಮುದ್ರದರ್ಶನವಿಲ್ಲದ ಸಾಂಗಲಿ-ಮಿರಜ ಸೀಮೆಗೆ ಕೃಷ್ಣೆಯ ಘಟ್ಟವೇ ರೇವು. 1801ರಲ್ಲಿ ಚಿಂತಾಮಣರಾವ ಪಟವರ್ಧನರು ಮಿರಜೆಯಿಂದ ಬೇರ್ಪಟ್ಟು ಸಾಂಗಲಿಯನ್ನು ರಾಜಧಾನಿಯಾಗಿಸಿಕೊಂಡ ಬಳಿಕ ಬೆಳೆದ ಈ ಪೇಟೆಯಲ್ಲಿ, 1929ರಲ್ಲಿ ಆಯರ್ವಿನ್ ಸೇತುವೆ ಮೈದಳೆಯುವವರೆಗೂ, ಮಳೆಗಾಲದ ತುಂಬುಹೊಳೆಯನ್ನು ದಾಟಿಸುತ್ತಿದ್ದವರು ಅಂಬಿಗರು. ಅವರ ತೋಳ್ಬಲವನ್ನು ನೆನೆಯದೆ ಇಲ್ಲಿಯ ವಾಣಿಜ್ಯದ ಇತಿಹಾಸವನ್ನು ಬರೆಯುವುದು ಅನ್ಯಾಯವೆಂದೇ ನನ್ನ ಭಾವನೆ. ವಾರಣೆಯು ಕೃಷ್ಣೆಯನ್ನು ಕೂಡುವ ಹರಿಪುರದಲ್ಲಿ, ಗಟ್ಟಿ ಮಣ್ಣಿನ ನೆಲದೊಳಗೆ ತೋಡಿದ ಹಗೇವುಗಳಲ್ಲಿ ಆ ವಾಣಿಜ್ಯದ ಸರಕಾದ ಅರಿಸಿನದ ಕೊಂಬುಗಳನ್ನು ತುಂಬಿ, ಬಾಯಿ ಮುಚ್ಚಿ, ವರ್ಷಗಟ್ಟಲೆ ಕೆಡದಂತೆ ಕಾಯುತ್ತಿದ್ದರು. ಬಾಯಿ ತೆರೆದೊಡನೆ ಹಮಾಲನು ಇಳಿಯುವಂತಿರಲಿಲ್ಲ. ಒಳಗಣ ಕೆಟ್ಟ ಗಾಳಿ ಹೊರಹೋಗುವವರೆಗೆ ಕಾದು ಇಳಿದವನು, ಕಣ್ಣೆವೆಗೂ ಹಳದಿ ಧೂಳು ಮೆತ್ತಿಕೊಂಡು ಮೇಲೇರುತ್ತಿದ್ದನು. ಪೊರೆದ ಹೊಳೆಯೇ 2005ರ ಮಹಾಪೂರದಲ್ಲಿ ಉಕ್ಕಿ ಬಂದು ಈ ಹಗೇವುಗಳಲ್ಲಿ ಅನೇಕವನ್ನು ಹಾಳುಗೆಡವಿತು.